ಟೆಲಿಪತಿ ಇರೋ ಜೀವಿಗಳಿಗೆ ವ್ಯಾಕರಣ ಯಾಕೆ?

ಅರ್ಧಕಥೆ
ಒಂದು ವೈಜ್ಞಾನಿಕ ಕಾದಂಬರಿ ಬರೀತಾ ಇದ್ದೀನಿ. ನಲವತ್ತು ಪುಟ ಸರಾಗವಾಗಿ ಬಂತು, ಈಗ ಗಾಡಿ ಹೂತುಹೋಗಿದೆ.

ಬೇರೆ ಗ್ರಹದ ಜೀವಿಗಳು. ಬಾಯಿಲ್ಲ, ಕಿವಿ ಇಲ್ಲ. ಒಬ್ಬರ ಮನಸ್ಸಿನಲ್ಲಿ ಓಡೋದು ಹತ್ತಿರ ಇರೋ ಇನ್ನೊಬ್ಬರಿಗೆ ನೇರವಾಗಿ ಗೊತ್ತಾಗುತ್ತೆ. ಕರಡನ್ನ ಗೆಳತಿಯೊಬ್ಬಳಿಗೆ ಓದೋಕೆ ಕೊಟ್ಟಿದ್ದೆ. ಹನ್ನೆರಡನೇ ಪುಟದ ಅಂಚಿನಲ್ಲಿ ಪೆನ್ಸಿಲಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟಳು: "ಮಾತೇ ಬೇಡದ ಪ್ರಾಣಿ ಇಷ್ಟು ನೀಟಾಗಿ ವಿಭಕ್ತಿ ಹಚ್ಚಿಕೊಂಡು ಯಾಕೆ ಯೋಚಿಸುತ್ತೆ?"

ಹೌದಲ್ಲ ಅನ್ನಿಸಿತು. ಆ ಪುಟದಲ್ಲಿ ಒಂದು ಜೀವಿ ಇನ್ನೊಂದಕ್ಕೆ "ಬಂಡೆಯ ಹಿಂದೆ ಅಪಾಯವಿದೆ, ಈ ಕಡೆಯಿಂದ ಬಾ" ಅಂತ ಕಳಿಸುತ್ತೆ. ಅದೇನು ಟೆಲಿಪತಿ? ಬಾಯಿ ತೆಗೀದೆ ಮಾಡಿದ ಫೋನು ಅಷ್ಟೇ.

ಇಂಥ ಜೀವಿಗಳಲ್ಲಿ ಭಾಷೆ ಅನ್ನೋದು ಹುಟ್ಟುತ್ತಾ? ಹುಟ್ಟದಿದ್ದರೆ ಅವು ಯೋಚಿಸೋದು ಯಾವುದರಲ್ಲಿ? ಭಾಷೆ ಇಲ್ಲದ ಬುದ್ಧಿ ಎಲ್ಲಿವರೆಗೆ ಹೋಗಬಹುದು, ಗೂಡು ಕಟ್ಟೋವರೆಗಾ, ಆಕಾಶನೌಕೆ ಕಟ್ಟೋವರೆಗಾ?

ಕೊನೆಬೆಂಚು
ನಲವತ್ತನೇ ಪುಟದಲ್ಲಿ ನಿಂತ ಕಾದಂಬರಿ ನನ್ನ ಹತ್ರ ಆರಿವೆ. ಸಂಘಕ್ಕೆ ಸ್ವಾಗತ.

ಭಾಷ್ಯಕಾರ
ಪ್ರಶ್ನೆಯ ಬುಡದಲ್ಲೇ ತಪ್ಪಿದೆ. ಭಾಷೆಯಿಲ್ಲದ ಆಲೋಚನೆ ಎಂಬುದೇ ಇಲ್ಲ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಸಂಸ್ಕೃತ ವೈಯಾಕರಣ ಭರ್ತೃಹರಿ ಹೇಳಿಬಿಟ್ಟಿದ್ದಾನೆ: "ನ ಸೋಽಸ್ತಿ ಪ್ರತ್ಯಯೋ ಲೋಕೇ ಯಃ ಶಬ್ದಾನುಗಮಾದೃತೇ." ಶಬ್ದ ಹಿಂಬಾಲಿಸದ ಅರಿವು ಲೋಕದಲ್ಲಿಲ್ಲ ಎಂದು.

ಅಷ್ಟು ದೂರ ಹೋಗುವುದೂ ಬೇಡ. ನಾವು 'ಯೋಚಿಸಿದೆ' ಎನ್ನುವ ಕಡೆ ದಿನಕ್ಕೆ ಹತ್ತು ಸಲ ಏನು ಹೇಳುತ್ತೇವೆ? 'ಅಂದುಕೊಂಡೆ'. ಅನ್ನು ಎಂದರೆ ಹೇಳು. ಅಂದುಕೊಳ್ಳು ಎಂದರೆ ತನಗೆ ತಾನೇ ಹೇಳಿಕೊಳ್ಳು. ಯೋಚನೆ ಎಂದರೆ ಒಳಗೆ ಆಡಿದ ಮಾತು ಎಂದು ಕನ್ನಡದ ಕ್ರಿಯಾಪದವೇ ತೀರ್ಪು ಕೊಟ್ಟಿದೆ. ನಿಮ್ಮ ಜೀವಿಗೆ ಭಾಷೆ ಇಲ್ಲ ಎಂದರೆ ಕಳಿಸಲು ಆಲೋಚನೆಯೂ ಇಲ್ಲ. ಎರಡು ಕಲ್ಲುಗಳ ನಡುವೆ ಟೆಲಿಪತಿ ಇಟ್ಟಂತೆ.

ಬರಿಗಾಲು
ಸಾರ್, 'ಹೊಳೀತು' ಅಂತಲೂ ಹೇಳ್ತೀವಲ್ಲ. ಅದರಲ್ಲಿ ಯಾರು ಯಾರಿಗೆ ಹೇಳಿದ್ರು?

ಭಾಷ್ಯಕಾರ
ಹೊಳೆದದ್ದನ್ನು ಹಿಡಿಯುವಾಗ ಮಾತು ಬೇಕೇ ಬೇಕು. ಮಿಂಚನ್ನು ಯಾರೂ ಆಲೋಚನೆ ಎನ್ನುವುದಿಲ್ಲ.

ನೀಲಿಶಾಯಿ
ಭಾಷ್ಯಕಾರರೇ, ನಾನು ವಾಕ್ ಚಿಕಿತ್ಸಕಿ. ಆದರೆ ಹೇಳೋದು ಕೆಲಸದ ವಿಷಯ ಅಲ್ಲ, ಮನೆಯದು.

ನಮ್ಮಪ್ಪನಿಗೆ ಪಾರ್ಶ್ವವಾಯು ಆಗಿ ಮಾತು ಪೂರ್ತಿ ಹೋಯಿತು. ಉಳಿದದ್ದು "ಅದೇ ಅದೇ" ಅನ್ನೋ ಎರಡು ಪದ, ಅದೂ ಎಲ್ಲದಕ್ಕೂ. ನೀರು ಬೇಕಾದರೂ ಅದೇ ಅದೇ, ನೋವಾದರೂ ಅದೇ ಅದೇ. ನಾವು ಹೇಳಿದ್ದೂ ಅರ್ಥ ಆಗ್ತಿರಲಿಲ್ಲ. "ಕನ್ನಡಕ ಕೊಡಿ" ಅಂದರೆ ಸುಮ್ಮನೆ ಮುಖ ನೋಡೋರು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ತಮ್ಮ ಚೆಸ್ ಬೋರ್ಡ್ ಇಟ್ಟ. ಅಪ್ಪ ಕಾಯಿ ಜೋಡಿಸಿದರು, ಒಂದೂ ತಪ್ಪಿಲ್ಲದೆ. ನೋಡೋಣ ಅಂತ ನಾನು ಬೇಕಂತಲೇ ಕುದುರೆಯನ್ನ ನೇರ ಮೂರು ಮನೆ ನಡೆಸಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು, ಕುದುರೆಯನ್ನ ವಾಪಸ್ ಮೊದಲಿನ ಮನೆಗೆ ಇಡಿಸಿ, ಬೆರಳಲ್ಲಿ ಬೋರ್ಡ್ ಮೇಲೆ ಎರಡೂವರೆಯ ಗೆರೆ ಎಳೆದರು. ಆಮೇಲೆ ಹದಿನೆಂಟು ನಡೆಯಲ್ಲಿ ನನ್ನನ್ನ ಸೋಲಿಸಿದರು. ಸೋಲಿಸಿ "ಅದೇ ಅದೇ" ಅಂದರು.

ಇದು ನಮ್ಮಪ್ಪನ ಪವಾಡ ಅಲ್ಲ. ಭಾಷೆ ತೀವ್ರವಾಗಿ ಕಳಕೊಂಡವರಲ್ಲೂ ಲೆಕ್ಕ ಮಾಡೋರು, ಕಾರಣ-ಪರಿಣಾಮ ಜೋಡಿಸೋರು ಇದ್ದಾರೆ ಅಂತ ರೋಸ್‌ಮೇರಿ ವಾರ್ಲಿ ಅವರ ತಂಡ ತೋರಿಸಿದೆ. ಮಿದುಳಿನ ಸ್ಕ್ಯಾನ್‌ನಲ್ಲೂ ಹಾಗೇ. ವಾಕ್ಯ ಓದುವಾಗ ದುಡಿಯೋ ಜಾಗಗಳು ಲೆಕ್ಕ, ಒಗಟು ಬಿಡಿಸೋವಾಗ ಹೆಚ್ಚುಕಡಿಮೆ ತೆಪ್ಪಗಿರ್ತವೆ. ಎವೆಲಿನಾ ಫೆಡೊರೆಂಕೊ ಮತ್ತು ಜೊತೆಗಾರರು 2024ರಲ್ಲಿ ಇದನ್ನೆಲ್ಲ ಒಟ್ಟುಹಾಕಿ, ಭಾಷೆ ಮುಖ್ಯವಾಗಿ ತಿಳಿಸೋಕೆ ಇರೋ ಸಾಧನ, ಯೋಚಿಸೋಕೆ ಅಲ್ಲ ಅಂತಲೇ ವಾದಿಸಿದರು.

ಭಾಷ್ಯಕಾರ
ನಿಮ್ಮ ತಂದೆಯವರ ವಿಷಯ ಓದಿ ಒಂದು ಕ್ಷಣ ಸುಮ್ಮನಾದೆ, ಮೇಡಂ. ಆದರೂ ವಾದ ಬಿಡುವುದಿಲ್ಲ. ಅವರು ದಶಕಗಟ್ಟಲೆ ಭಾಷೆಯಲ್ಲಿ ಬದುಕಿದವರು. ಮನೆ ಕಟ್ಟಿ ಮುಗಿದ ಮೇಲೆ ಸಾರ್ವೆ ಬಿಚ್ಚಿದರೆ ಗೋಡೆ ಬೀಳುವುದಿಲ್ಲ. ಸಾರ್ವೆಯೇ ಇಲ್ಲದೆ ಕಟ್ಟಿದ ಮನೆ ತೋರಿಸಿ.

ನೀಲಿಶಾಯಿ
ಒಳ್ಳೇ ಪಟ್ಟು. ಅರ್ಧ ಒಪ್ತೀನಿ, ಯಾಕಂದರೆ ನಿಮ್ಮ ಪರವಾಗಿರೋ ಉದಾಹರಣೆ ನನ್ನ ಹತ್ರಾನೇ ಇದೆ. ನಿಕರಾಗುವಾದ ಮನಾಗುವಾದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳ ಶಾಲೆ ಶುರುವಾಯಿತು. ಮನೆಮನೆಯ ಸನ್ನೆ ಬಿಟ್ಟರೆ ಆ ಮಕ್ಕಳಿಗೆ ಯಾವ ಭಾಷೆಯೂ ಇರಲಿಲ್ಲ. ಒಟ್ಟಿಗೆ ಸೇರಿ ಹೊಸ ಸಂಜ್ಞಾಭಾಷೆಯನ್ನೇ ಹುಟ್ಟಿಸಿಬಿಟ್ಟರು. ಮೊದಲ ತಂಡದ್ದು ಒರಟು, ಆಮೇಲೆ ಬಂದ ಚಿಕ್ಕ ಮಕ್ಕಳು ಅದಕ್ಕೆ ವ್ಯಾಕರಣ ತುಂಬಿದರು.

ದೊಡ್ಡವರಾದ ಮೇಲೆ ಅವರಿಗೊಂದು ಪರೀಕ್ಷೆ ಇಟ್ಟರು. ಒಬ್ಬ ಆಟಿಕೆ ಬಚ್ಚಿಟ್ಟು ಹೋಗ್ತಾನೆ, ಅವನಿಲ್ಲದಾಗ ಇನ್ನೊಬ್ಬ ಜಾಗ ಬದಲಿಸ್ತಾನೆ, ಮೊದಲನೆಯವ ಬಂದು ಎಲ್ಲಿ ಹುಡುಕ್ತಾನೆ? ಮೊದಲ ತಂಡದ ವಯಸ್ಕರು ಇದರಲ್ಲಿ ತಡವರಿಸಿದರು. ಅವರ ಸನ್ನೆಯಲ್ಲಿ 'ಅಂದುಕೊಂಡಿದ್ದಾನೆ', 'ಗೊತ್ತಿಲ್ಲ' ಅನ್ನೋಂಥ ಕ್ರಿಯಾಪದಗಳು ಕಡಿಮೆ. ಕೆಲವು ವರ್ಷ ಬಿಟ್ಟು ನೋಡಿದಾಗ ಆ ಪದಗಳನ್ನ ಕಲಿತಿದ್ದರು, ಪರೀಕ್ಷೆಯಲ್ಲೂ ಸುಧಾರಿಸಿದ್ದರು. ಜೆನ್ನಿ ಪಯರ್ಸ್, ಆನ್ ಸೆಂಘಸ್ 2009ರಲ್ಲಿ ಪ್ರಕಟಿಸಿದ್ದು.

ಚೆಸ್ ಆಡೋಕೆ ಭಾಷೆ ಬೇಡ. ಇನ್ನೊಬ್ಬನ ತಪ್ಪು ತಿಳುವಳಿಕೆಯನ್ನ ಹಿಡಿಯೋಕೆ ಭಾಷೆ ನೆರವಾಗುತ್ತೆ. ಅರ್ಧಕಥೆ ಅವರೇ, ನಿಮ್ಮ ಜೀವಿಗಳಿಗೆ ಆ ಎರಡನೆಯದು ಬಿಟ್ಟಿ ಸಿಗುತ್ತಲ್ಲ?

ಕೊನೆಬೆಂಚು
ಇನ್ನೊಬ್ಬರ ಮನಸ್ಸು ಊಹಿಸೋ ಕಷ್ಟವೇ ಇಲ್ಲ ಅಂದ್ರೆ ಅವು ದಡ್ಡ ಆಗ್ತಾವೆ ಅಂತ ನನ್ನ ಅನಿಸಿಕೆ. ಕಾಗೆಯ ಸೋದರಸಂಬಂಧಿ ರೇವನ್ ಇದೆಯಲ್ಲ, ಪಕ್ಕದ ಕೋಣೆಯಿಂದ ಇನ್ನೊಂದು ರೇವನ್ ಸದ್ದು ಕೇಳಿಸಿ, ಇಣುಕುಕಿಂಡಿ ತೆರೆದಿದ್ದರೆ ಸಾಕು, ಯಾರೋ ನೋಡ್ತಿದ್ದಾರೆ ಅನ್ನೋ ಥರ ಬೇಗ ಬೇಗ ತಿಂಡಿ ಮುಚ್ಚಿಡುತ್ತೆ. ಕಿಂಡಿ ಮುಚ್ಚಿದ್ದರೆ ಆರಾಮ. 2016ರಲ್ಲಿ ಬಂದ ಪ್ರಯೋಗ. ಕಳ್ಳತನ, ಸುಳ್ಳು, ಅನುಮಾನ, ಇವೇ ಬುದ್ಧಿಗೆ ಸಾಣೆ. ಸುಳ್ಳೇ ಹೇಳೋಕೆ ಆಗದ ಸಮಾಜದಲ್ಲಿ ಯಾರು ಬುದ್ಧಿ ಬೆಳೆಸ್ತಾರೆ?

ಬರಿಗಾಲು
ಅವರ ಸಂಸಾರ ಹೇಗೆ ನಡೆಯುತ್ತೆ ಅನ್ನೋದು ನನ್ನ ಚಿಂತೆ.

ಅವಳಿಯಲ್ಲೊಬ್ಬ
ನಾವಿಬ್ಬರು ತದ್ರೂಪಿ ಅವಳಿ. "ನಿಮಗೆ ಟೆಲಿಪತಿ ಇದೆಯಾ" ಅಂತ ಕೇಳದವರಿಲ್ಲ. ಇಲ್ಲ. ಇದ್ದಿದ್ದರೆ ಒಂದೇ ಅಂಗಿ ಇಬ್ಬರೂ ಕೊಂಡ್ಕೊಂಡು ಬರ್ತಿರಲಿಲ್ಲ.

ಆದರೆ ನಮ್ಮ ಮಾತು ಕೇಳಿದವರು ಗಾಬರಿ ಆಗ್ತಾರೆ. ನಿನ್ನೆಯದು ಹೀಗಿತ್ತು. ಅವನು: "ಅದು?" ನಾನು: "ಅಲ್ಲೇ." ಅವನು: "ಆವತ್ತಿಂದ?" ನಾನು: "ಹ್ಞೂ, ಆದ್ರೆ ಇದು ಇಲ್ಲ." ಮುಗೀತು. ಕಳೆದ ವರ್ಷ ಬಿಚ್ಚಿಟ್ಟ ಫ್ಯಾನಿನ ಸ್ಕ್ರೂ ಬಗ್ಗೆ ಮಾತಾಡಿದ್ದು. ಹತ್ತಿರ ಆದಷ್ಟೂ ಮಾತು ಸವೆಯುತ್ತೆ, ಕೊನೆಗೆ ಉಳಿಯೋದು ಅದು-ಇದು-ಅಲ್ಲಿ. ನಿಮ್ಮ ಜೀವಿಗಳದ್ದೂ ಹೀಗೇ ಇರಬಹುದು, ನಾಮಪದವೇ ಇಲ್ಲ, ಬರೀ ಸರ್ವನಾಮ.

ನೀಲಿಶಾಯಿ
ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ ಒಳಮಾತಿನ ಬಗ್ಗೆ ಹೇಳಿದ್ದೂ ಇದನ್ನೇ. ಮಕ್ಕಳು ಮೊದಲು ಗಟ್ಟಿಯಾಗಿ ತಮಗೆ ತಾವೇ ಮಾತಾಡ್ಕೊಂಡು ಆಡ್ತಾರೆ, ಆಮೇಲೆ ಆ ಮಾತು ಒಳಗೆ ಇಳಿಯುತ್ತೆ, ಇಳೀತಾ ಇಳೀತಾ ಕರ್ತೃಪದ ಉದುರಿಹೋಗುತ್ತೆ. ಯಾರ ಬಗ್ಗೆ ಅಂತ ನಮಗೆ ಗೊತ್ತೇ ಇರುತ್ತಲ್ಲ.

ಹಗಲುನಿದ್ದೆ
ನನಗೆ ಒಳಮಾತು ಅನ್ನೋದೇ ಇಲ್ಲ. ತಲೆಯೊಳಗೆ ಯಾರೂ ಮಾತಾಡಲ್ಲ. ಬೇರೆಯವರಿಗೆ ನಿಜವಾಗಿಯೂ ದನಿ ಕೇಳಿಸುತ್ತೆ ಅಂತ ಗೊತ್ತಾಗಿದ್ದೇ ಮೂವತ್ತು ದಾಟಿದ ಮೇಲೆ. ಅಲ್ಲಿವರೆಗೆ 'ಅಂದುಕೊಂಡೆ' ಅನ್ನೋದು ಬರೀ ಮಾತಿನ ವರಸೆ ಅಂತ ಅಂದುಕೊಂಡಿದ್ದೆ (ಹೌದು, ಗೊತ್ತಾಯ್ತು, ನಗಬೇಡಿ). ಈಗ ಇದಕ್ಕೆ ಅನೆಂಡೊಫೇಸಿಯಾ ಅಂತ ಹೆಸರೂ ಇಟ್ಟಿದ್ದಾರೆ, 2024ರಲ್ಲಿ. ಭಾಷ್ಯಕಾರರ ಪ್ರಕಾರ ನಾನು ಕಲ್ಲು.

ಭಾಷ್ಯಕಾರ
ಕಲ್ಲು ಇಷ್ಟು ಚೆನ್ನಾಗಿ ಬರೆಯುವುದಿಲ್ಲ. ಹಿಂದೆಗೆದುಕೊಂಡಿದ್ದೇನೆ. ಭರ್ತೃಹರಿಯಲ್ಲೂ ವಾಕ್ಕಿಗೆ ಮೆಟ್ಟಿಲುಗಳಿವೆ: ಬಾಯಲ್ಲಿ ಕೇಳುವುದು ವೈಖರೀ, ಒಳಗೆ ಪದಪದವಾಗಿ ಸಾಗುವುದು ಮಧ್ಯಮಾ, ಅದಕ್ಕೂ ಒಳಗೆ ಕ್ರಮವೇ ಇಲ್ಲದೆ ಒಟ್ಟಿಗೆ ಕಾಣುವುದು ಪಶ್ಯಂತೀ. ನಿಮ್ಮದು ಬಹುಶಃ ಪಶ್ಯಂತಿಯಿಂದ ನೇರ ವೈಖರಿಗೆ ಜಿಗಿತ. ಲೇಖಕರಿಗೆ ಬೇಕಾದ ಪ್ರಶ್ನೆ ಈಗ ಬಂತು ನೋಡಿ: ಟೆಲಿಪತಿ ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ?

ಅರ್ಧಕಥೆ
ಈ ಪ್ರಶ್ನೆಯನ್ನ ಬರೆದಿಟ್ಟುಕೊಂಡೆ. ನಾನು ಅಂದುಕೊಂಡಿದ್ದು ಸುಲಭ ದಾರಿ: ಪದ ಬೇಡ, ಚಿತ್ರ ಕಳಿಸಲಿ. ಬಂಡೆ, ಅದರ ಹಿಂದೆ ಹಲ್ಲು ಕಿರಿದ ಪ್ರಾಣಿ, ಮುಗೀತು.

ಕರಡುತಿದ್ದುವವಳು
ಸರಿ. ಈಗ "ಬಂಡೆಯ ಹಿಂದೆ ಅಪಾಯ ಇಲ್ಲ" ಅನ್ನೋದರ ಚಿತ್ರ ಕಳಿಸಿ ನೋಡೋಣ.

ಅರ್ಧಕಥೆ
ಬರೀ ಬಂಡೆ?

ಕರಡುತಿದ್ದುವವಳು
ಅದು "ಬಂಡೆ ಇದೆ" ಅಂತಾಯ್ತು. ಪ್ರಾಣಿಯ ಚಿತ್ರ ಹಾಕಿ ಅಡ್ಡಗೆರೆ ಎಳೆದರೆ ಆ ಗೆರೆಯೇ ಒಂದು ಪದ. 'ಇಲ್ಲ' ಅನ್ನೋದಕ್ಕೆ ಚಿತ್ರ ಇಲ್ಲ. ನಮಗಂತೂ 'ಇಲ್ಲ' ಬೇರೆ, 'ಅಲ್ಲ' ಬೇರೆ. ಬಂಡೆಯ ಹಿಂದೆ ಹುಲಿ ಇಲ್ಲ, ಬಂಡೆಯ ಹಿಂದಿರೋದು ಹುಲಿ ಅಲ್ಲ. ಎರಡಕ್ಕೂ ಒಂದೇ ಚಿತ್ರ ಕಳಿಸಿದರೆ ನಿಮ್ಮ ನಾಯಕ ಎರಡನೇ ಸಲಕ್ಕೆ ಸತ್ತ. 'ನಾಳೆ', 'ಬಂದರೆ', 'ಆದರೂ', ಇವನ್ನೂ ಬಣ್ಣದಲ್ಲಿ ಬಿಡಿಸೋಕಾಗಲ್ಲ.

ಇಪ್ಪತ್ತು ವರ್ಷದಿಂದ ಪುಸ್ತಕಗಳ ಕರಡು ತಿದ್ದುತ್ತಿದ್ದೀನಿ. ನಾಮಪದ ತಪ್ಪಾದರೆ ಓದುಗ ಊಹಿಸಿಕೊಳ್ತಾನೆ. ಸಣ್ಣ ಪ್ರತ್ಯಯ ತಪ್ಪಾದರೆ ಕೊಂದವನೇ ಸತ್ತಿರ್ತಾನೆ.

ತಂತಿಜಾಲ
ಎಂಜಿನಿಯರ್ ಕಡೆಯಿಂದ ಸ್ವಲ್ಪ. 'ನೇರವಾಗಿ ಗೊತ್ತಾಗುತ್ತೆ' ಅನ್ನೋ ಪದದಲ್ಲೇ ಎಲ್ಲ ಮೋಸ ಅಡಗಿದೆ. ಮಿದುಳಿಂದ ಮಿದುಳಿಗೆ ಸಂದೇಶ ಕಳಿಸೋ ಪ್ರಯೋಗ 2014ರಲ್ಲಿ ವರದಿಯಾಯಿತು, ಕಳಿಸಿದ್ದು ತಿರುವನಂತಪುರದಿಂದ, ತಲುಪಿದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ. 'ಓಲಾ', 'ಚಾವ್' ಅನ್ನೋ ಎರಡು ನಮಸ್ಕಾರ. ಹೇಗೆ? ಕಳಿಸೋನು ಕೈ ಅಥವಾ ಕಾಲು ಆಡಿಸೋದನ್ನ ಕಲ್ಪಿಸಿಕೊಂಡರೆ ಸೊನ್ನೆ ಅಥವಾ ಒಂದು. ಪಡೆಯೋನ ತಲೆಗೆ ಕಾಂತೀಯ ಮಿಡಿತ ಕೊಟ್ಟಾಗ ಕಣ್ಣಿಲ್ಲದೆಯೇ ಬೆಳಕಿನ ಚುಕ್ಕೆ ಕಂಡರೆ ಒಂದು, ಕಾಣದಿದ್ದರೆ ಸೊನ್ನೆ. ಅಂದರೆ ಹಳೇ ಟೆಲಿಗ್ರಾಫ್. ಮನಸ್ಸಿಂದ ಮನಸ್ಸಿಗೆ ಹೋದರೂ ಸಂಕೇತ ಮಾತ್ರ ಮೊದಲೇ ಕೂತು ಮಾತಾಡಿಕೊಂಡಿರಬೇಕಿತ್ತು.

ಇನ್ನೊಂದು. 2023ರಲ್ಲಿ ಟೆಕ್ಸಸ್‌ನವರು ಸ್ಕ್ಯಾನರ್‌ನಲ್ಲಿ ಜನರನ್ನ ಮಲಗಿಸಿ, ತಲಾ 16 ಗಂಟೆ ಕಥೆ ಕೇಳಿಸಿ, ಆ ಮಿದುಳಿನ ಚಟುವಟಿಕೆಯಿಂದ ಕಥೆಯ ಸಾರ ಬಿಡಿಸೋ ಯಂತ್ರ ಕಟ್ಟಿದರು. ಸಾರ ಸುಮಾರಾಗಿ ಸಿಕ್ಕಿತು. ಆದರೆ ಒಬ್ಬರ ಮಿದುಳಿನ ಮೇಲೆ ಪಳಗಿದ ಯಂತ್ರವನ್ನ ಇನ್ನೊಬ್ಬರಿಗೆ ಹಾಕಿದಾಗ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ನನ್ನ 'ಬಂಡೆ' ನನ್ನ ನರಗಳಲ್ಲಿ ಬರೆದಿರೋ ಲಿಪಿ ನಿಮಗೆ ಓದೋಕೆ ಬರಲ್ಲ. ಇಬ್ಬರಿಗೂ ಹೊರಗಿನ, ಇಬ್ಬರೂ ಒಪ್ಪಿದ ಒಂದು ಸಂಕೇತ ಬೇಕೇ ಬೇಕು. ಅದಕ್ಕೆ ಭಾಷೆ ಅಂತಾರೆ.

ಗೆಣಸಲೆ
ಹಂಗಾದ್ರ ಟೆಲಿಪತಿಗೆ ಬೆಲೆ ಏನ್ ಉಳೀತ್ರಿ? ನಾಲಿಗಿ ಬದಲಿಗೆ ಆಂಟೆನಾ, ಅಷ್ಟ ಆತು.

ತಂತಿಜಾಲ
ವೇಗ ಉಳೀತಲ್ಲ. ಹದಿನೇಳು ಭಾಷೆ ಅಳೆದು ನೋಡಿದ್ದಾರೆ, 2019ರಲ್ಲಿ. ಪಟಪಟ ಆಡೋ ಭಾಷೆ ಇರಲಿ, ನಿಧಾನದ್ದಿರಲಿ, ಮಾಹಿತಿ ಸಾಗೋದು ಸೆಕೆಂಡಿಗೆ ಸುಮಾರು 39 ಬಿಟ್. ತೀರಾ ಸಣ್ಣ ಕೊಳವೆ. ಟೆಲಿಪತಿ ಅಂದ್ರೆ ಆ ಕೊಳವೆ ದೊಡ್ಡದು ಮಾಡೋದು.

ಭೂತಗನ್ನಡಿ
ಯಾವ ಕೊಳವೆ? ಮಿದುಳಿನ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ಕ್ಷೀಣ. ಅದನ್ನ ಅಳೆಯೋಕೆ ಹೊರಗಿನ ಗದ್ದಲ ತಡೆಯೋ ವಿಶೇಷ ಕೋಣೆಯೇ ಬೇಕು. ಅದೂ ತಲೆಗೆ ಅಂಟಿಸಿದಷ್ಟು ಹತ್ತಿರದಿಂದ.

ತಮಾಷೆ ಏನಂದ್ರೆ ಮನುಷ್ಯರ ಮಿದುಳಿನ ವಿದ್ಯುತ್ತನ್ನ ಮೊದಲು ದಾಖಲಿಸಿದವನು ಹೊರಟಿದ್ದೇ ಟೆಲಿಪತಿ ಹುಡುಕೋಕೆ. ಹ್ಯಾನ್ಸ್ ಬರ್ಗರ್ ಯುವಕನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಬದುಕಿದ. ಅದೇ ಹೊತ್ತಿಗೆ ದೂರದ ಮನೆಯಲ್ಲಿ ಅಕ್ಕನಿಗೆ ತಳಮಳ ಆಗಿ, ಅಪ್ಪ ಟೆಲಿಗ್ರಾಂ ಕಳಿಸಿದರು. ಅದು ಅವನ ತಲೆಯಿಂದ ಕೊನೆವರೆಗೂ ಹೋಗಲಿಲ್ಲ. 1924ರಲ್ಲಿ ಮನುಷ್ಯನ ಮಿದುಳಿನ ಅಲೆ ದಾಖಲಿಸಿದ, 1929ರಲ್ಲಿ ಪ್ರಕಟಿಸಿದ. ಟೆಲಿಪತಿ ಸಿಗಲಿಲ್ಲ, ಇಇಜಿ ಸಿಕ್ಕಿತು.

ಕೊನೆಬೆಂಚು
ಸುದ್ದಿ ಮುಟ್ಟಿಸಿದ್ದು ಟೆಲಿಗ್ರಾಂ ತಾನೇ? ಟೆಲಿಪತಿ ಸೋತಿದ್ದು ಅಲ್ಲೇ.

ಬಲೆಗಾರ
ಎಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ ಮಾರಾಯ್ರೆ, ನೀರಿಗೆ ಇಳೀರಿ. ಗಾಳಿಯಲ್ಲಿ ಕಷ್ಟ ಆದದ್ದು ನೀರಲ್ಲಿ ನಡೀತಾ ಉಂಟು. ಆಫ್ರಿಕದ ಆನೆಮೂತಿ ಮೀನು ಅಂತ ಉಂಟಲ್ಲ, ಮಾರ್ಮಿರಿಡ್ ಕುಟುಂಬದ್ದು, ಬಾಲದ ಬುಡದ ಅಂಗದಿಂದ ಸಣ್ಣ ವಿದ್ಯುತ್ ಮಿಡಿತ ಬಿಡ್ತದೆ. ರಾಡಿ ನೀರಲ್ಲಿ ದಾರಿ ನೋಡೋದೂ ಅದರಲ್ಲೇ, ಒಂದಕ್ಕೊಂದು 'ಮಾತಾಡೋದೂ' ಅದರಲ್ಲೇ. ಮಿದುಳು ಎಷ್ಟು ದೊಡ್ಡದು ಅಂದ್ರೆ ದೇಹಕ್ಕೆ ಬೇಕಾದ ಆಮ್ಲಜನಕದ ಸುಮಾರು 60 ಪರ್ಸೆಂಟ್ ಅದಕ್ಕೇ ಹೋಗ್ತದೆ. ನಮ್ಮದು 20.

ಈಗ ಕೇಳಿ. ಸುತ್ತ ಹತ್ತು ಮೀನು ಮಿಡೀತಾ ಇರುವಾಗ ತನ್ನ ಮಿಡಿತ ಯಾವುದು, ಪರರದ್ದು ಯಾವುದು ಅಂತ ಮೀನಿಗೆ ಗೊತ್ತಾಗೋದು ಹೇಗೆ? ಮಿದುಳು ಅಂಗಕ್ಕೆ "ಬಿಡು" ಅಂತ ಆಜ್ಞೆ ಕಳಿಸುವಾಗ ಅದರ ಒಂದು ನಕಲನ್ನು ಕೇಳುವ ಕಡೆಗೂ ಕಳಿಸ್ತದೆ. ಆ ನಕಲು ಬಂದ ಗಳಿಗೆಯಲ್ಲಿ ಪರರ ಮಿಡಿತ ಕೇಳೋ ದಾರಿ ಬಂದ್. ಹಾಗಾಗಿ ತನ್ನದು ಕೇಳೋದಿಲ್ಲ, ಬೇರೆಯವರದ್ದು ಮಾತ್ರ ಕೇಳ್ತದೆ. ದಕ್ಷಿಣ ಅಮೆರಿಕದ ಇನ್ನೊಂದು ಜಾತಿಯಲ್ಲಿ ಎರಡು ಮೀನುಗಳ ತರಂಗ ಹತ್ತಿರ ಹತ್ತಿರ ಬಂದ್ರೆ ಎರಡೂ ಸ್ವಲ್ಪ ಸ್ವಲ್ಪ ಸರಿದು ಜಾಗ ಬಿಟ್ಟುಕೊಡ್ತಾವೆ. ಮನುಷ್ಯರಿಗಿಂತ ಮರ್ಯಾದೆ.

ಹಗಲುನಿದ್ದೆ
ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳೋಕೆ ಆಗದೇ ಇರೋದೂ ಇದಕ್ಕೇ ಅಲ್ವಾ?

ಬಲೆಗಾರ
ಅದೇ ಅದೇ. (ನೀಲಿಶಾಯಿಯವರು ಕ್ಷಮಿಸಬೇಕು, ಬಾಯಿಗೆ ಬಂತು.) ನಾವೇ ಮಾಡಿದ್ದಕ್ಕೆ ಮಿದುಳು 'ಇದು ನನ್ನದು' ಅಂತ ಚೀಟಿ ಅಂಟಿಸ್ತದೆ.

ನೀಲಿಶಾಯಿ
ಕ್ಷಮಿಸೋದೇನೂ ಇಲ್ಲ, ಅಪ್ಪ ಇದ್ದಿದ್ದರೆ ನಕ್ಕಿರೋರು. ಆ ಚೀಟಿ ಬಿದ್ದುಹೋದರೆ ಏನಾಗುತ್ತೆ ಅನ್ನೋದೂ ಮುಖ್ಯ. ಸ್ಕಿಜೋಫ್ರೇನಿಯಾದಲ್ಲಿ ಕೇಳೋ ದನಿಗಳಿಗೆ ಇರೋ ಒಂದು ಪ್ರಬಲ ವಿವರಣೆ ಇದೇ: ತಮ್ಮದೇ ಒಳಮಾತು, ಆದರೆ 'ನನ್ನದು' ಅನ್ನೋ ಗುರುತಿಲ್ಲದೆ ಬಂದಾಗ ಬೇರೆಯವರದ್ದು ಅನ್ನಿಸುತ್ತೆ. ಅರ್ಧಕಥೆ ಅವರ ಗ್ರಹದಲ್ಲಿ ಇದು ಕಾಯಿಲೆ ಅಲ್ಲ, ದಿನಾ ಎದುರಿಸೋ ತೊಂದರೆ.

ಕರಡುತಿದ್ದುವವಳು
ಇಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಉತ್ತರ ಇಲ್ಲೇ ಇದೆ ಅಂತ ನನಗನ್ನಿಸ್ತಿದೆ.

ನಾವೆಲ್ಲ ಟೆಲಿಪತಿ ಇದ್ದರೆ ಭಾಷೆಯಲ್ಲಿ ಏನೇನು ಉದುರಿಹೋಗುತ್ತೆ ಅಂತ ಲೆಕ್ಕ ಹಾಕ್ತಿದ್ದೀವಿ. ಏನು ಹೊಸದಾಗಿ ಬೇಕಾಗುತ್ತೆ ಅಂತ ಕೇಳಿ. ನನ್ನ ತಲೆಯಲ್ಲಿ ಒಂದು ನೆನಪು ಬಂತು ಅನ್ನಿ, ಬಂಡೆಯ ಹಿಂದೆ ಹುಲಿ. ನಾನು ಕಂಡದ್ದಾ, ಪಕ್ಕದವಳು ಕಂಡದ್ದಾ, ಅವಳಿಗೆ ಇನ್ಯಾರಿಂದಲೋ ಬಂದದ್ದಾ? ಚಿತ್ರ ಮೂರರಲ್ಲೂ ಅಷ್ಟೇ ಸ್ಪಷ್ಟ. ಮಾತಿನಲ್ಲಾದರೆ ಬೇರೆಯವರ ಬಾಯಿಂದ ಬಂತು ಅನ್ನೋದೇ ಗುರುತು. ಅವಕ್ಕೆ ಬಾಯಿಲ್ಲ.

ನಮ್ಮಲ್ಲಿ ಇದಕ್ಕೆ ಪುಟ್ಟ ಪದ ಇದೆ: ಅಂತೆ. "ಮಳೆ ಬಂತು" ಅಂದರೆ ನಾನು ನೋಡಿದ್ದೀನಿ. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದರು, ಜವಾಬ್ದಾರಿ ನನ್ನದಲ್ಲ. ಕರಡಿನಲ್ಲಿ ಒಂದು 'ಅಂತೆ' ಬಿಟ್ಟುಹೋಗಿ ಗಾಳಿಸುದ್ದಿಯೆಲ್ಲ ಕಣ್ಣಾರೆ ಕಂಡ ಸಾಕ್ಷಿ ಆಗಿದ್ದನ್ನ ನಾನೇ ಹಿಡಿದಿದ್ದೀನಿ. ತುರ್ಕಿ ಭಾಷೆಯಲ್ಲಿ ಇದು ಕ್ರಿಯಾಪದದ ಪ್ರತ್ಯಯವೇ. ಅಮೆಜಾನ್ ಸೀಮೆಯ ಟುಯುಕಾದಲ್ಲಿ ಐದು ಬಗೆ: ಕಂಡದ್ದು, ಬೇರೆ ಇಂದ್ರಿಯದಿಂದ ತಿಳಿದದ್ದು, ಕುರುಹಿನಿಂದ ಊಹಿಸಿದ್ದು, ಕೇಳಿದ್ದು, ಹಾಗೇ ಇರಬೇಕು ಅಂದುಕೊಂಡದ್ದು. ಯಾವುದು ಅಂತ ಹೇಳದೆ ವಾಕ್ಯ ಮುಗಿಸೋ ಹಾಗಿಲ್ಲ.

ಟೆಲಿಪತಿ ಜೀವಿಗಳ ಭಾಷೆಯಲ್ಲಿ ನಾಮಪದ ಇರಲಿ ಬಿಡಲಿ, 'ಅಂತೆ' ಮಾತ್ರ ಇರಲೇಬೇಕು. ಐದಲ್ಲ, ಐವತ್ತು ಬಗೆಯದ್ದು.

ಬಲೆಗಾರ
ಮೀನಿಗೆ ವ್ಯಾಕರಣ ಇಲ್ಲದೆಯೇ ನಡೀತದಲ್ಲ ಅಕ್ಕ? ನರದಲ್ಲೇ 'ಅಂತೆ' ಉಂಟು.

ಕರಡುತಿದ್ದುವವಳು
ನನ್ನದು-ನಿನ್ನದು ಅನ್ನೋವಷ್ಟಕ್ಕೆ ನರ ಸಾಕು, ಒಪ್ಪಿದೆ. "ಅವಳು ಕಂಡಳಂತೆ ಅಂತ ಇವನು ಅಂದ, ಆದರೆ ಇವನಿಗೇ ನಂಬಿಕೆ ಇಲ್ಲ" ಅನ್ನೋದಕ್ಕೆ ಸಾಲದು. ಒಂದರೊಳಗೊಂದು ಕೂರಿಸಬೇಕು. ಅಲ್ಲಿಂದ ಆಚೆಗೆ ವ್ಯಾಕರಣ.

ಕೊನೆಬೆಂಚು
ಅಂತೆಕಂತೆಗಳ ಗ್ರಹ.

ಗೆಣಸಲೆ
ಅಕ್ಕಾರ ಮಾತು ಖರೆ ಅನಸ್ತದ. ಇನ್ನೊಂದ್ ವಿಚಾರ್ರಿ, 'ನಾವು' ಅನ್ನೂದು. ತಮಿಳು, ತೆಲುಗಿನ್ಯಾಗ ಎರಡು 'ನಾವು' ಅದಾವ, ಕೇಳಾಂವನ್ನೂ ಸೇರಿಸಿ ಒಂದು, ಬಿಟ್ಟು ಒಂದು. ತೆಲುಗಿನ್ಯಾಗ ಮನಂ, ಮೇಂ. ನಮ್ಮ ಕನ್ನಡದಾಗ ಒಂದ. "ನಾವು ಹೊಂಟೀವಿ" ಅಂದ್ರ ನೀವೂ ಬರ್ರಿ ಅಂತೋ, ನೀವ್ ಇಲ್ಲೇ ಇರ್ರಿ ಅಂತೋ ತಿಳಿಯಂಗಿಲ್ಲ. ಆ ಜೀವಿಗೋಳ್ಗೆ 'ನಾವು' ಎಷ್ಟ್ ಇರಬೇಕು? ಇಲ್ಲಾ 'ನಾನು' ಅನ್ನೂದ ಇರಂಗಿಲ್ಲೇನು?

ಭೂತಗನ್ನಡಿ
ಕೊಳವೆ ತೀರಾ ದೊಡ್ಡದಾದರೆ 'ನಾನು' ಇರಲ್ಲ. ಸಾಕ್ಷಿ ನಮ್ಮ ತಲೆಬುರುಡೆಯೊಳಗೇ ಇದೆ. ಎಡ-ಬಲ ಮಿದುಳಿನ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ. ಮೂರ್ಛೆರೋಗದ ಚಿಕಿತ್ಸೆಗೆ ಅಂತ ಅದನ್ನ ಕತ್ತರಿಸಿದವರನ್ನ ರೋಜರ್ ಸ್ಪೆರ್ರಿ ಪರೀಕ್ಷೆ ಮಾಡಿ 1981ರಲ್ಲಿ ನೊಬೆಲ್ ಪಡೆದ. ಅವನ ಶಿಷ್ಯ ಗಝಾನಿಗ ಮಾಡಿದ ಒಂದು ಪ್ರಯೋಗ ಪ್ರಸಿದ್ಧ. ಎಡ ಮಿದುಳಿಗೆ ಮಾತ್ರ ಕೋಳಿಕಾಲು ತೋರಿಸಿದರು, ಬಲಕ್ಕೆ ಮಾತ್ರ ಹಿಮ ಬಿದ್ದ ದೃಶ್ಯ. ಹೊಂದೋ ಚಿತ್ರ ಆರಿಸು ಅಂದಾಗ ಬಲಗೈ ಕೋಳಿಯನ್ನ ತೋರಿಸಿತು, ಎಡಗೈ ಸಲಿಕೆಯನ್ನ. ಸಲಿಕೆ ಯಾಕೆ ಅಂತ ಕೇಳಿದರು. ಮಾತು ಇರೋದು ಎಡಕ್ಕೆ, ಅದಕ್ಕೆ ಹಿಮದ ಸುದ್ದಿಯೇ ಗೊತ್ತಿಲ್ಲ. ತಡವರಿಸದೆ ಉತ್ತರ ಬಂತು: ಕೋಳಿಗೂಡು ಬಳಿಯೋಕೆ ಸಲಿಕೆ ಬೇಕಲ್ಲ!

ಸೇತುವೆ ಇದ್ದಾಗ ನಾವು ಒಬ್ಬರು. ಕತ್ತರಿಸಿದ ಮೇಲೆ ಒಂದರ ಕೆಲಸಕ್ಕೆ ಇನ್ನೊಂದು ಕಾರಣ ಕಟ್ಟುತ್ತೆ. ಅಂದರೆ ಮಾತು ಬೇಕಾಗೋದು ಸೇತುವೆ ಸಣ್ಣದಿದ್ದಾಗ ಮಾತ್ರ. ಪೂರ್ಣ ಟೆಲಿಪತಿ ಇರೋ ಸಾವಿರ ಜೀವಿಗಳು ಅಂದರೆ ಸಾವಿರ ದೇಹದ ಒಂದೇ ಜೀವಿ. ಅದು ಯಾರ ಜೊತೆ ಮಾತಾಡಬೇಕು?

ತಂತಿಜಾಲ
ಇದಕ್ಕೆ ನನ್ನದೂ ಒಂದು ಒಗ್ಗರಣೆ. ಭಾಷೆಗೆ ವ್ಯವಸ್ಥೆ ಬಂದಿದ್ದೇ ಕೊಳವೆ ಇಕ್ಕಟ್ಟಾಗಿದ್ದರಿಂದ ಇರಬಹುದು. ಎಡಿನ್‌ಬರೊದಲ್ಲಿ ಸೈಮನ್ ಕರ್ಬಿ ತಂಡ ಮಾಡಿದ ಪ್ರಯೋಗ, 2008ರದ್ದು. ಬಣ್ಣಬಣ್ಣದ, ಚಲಿಸೋ ಆಕಾರಗಳಿಗೆ ಅಡ್ಡಾದಿಡ್ಡಿ ಹೆಸರು ಕೊಟ್ಟು ಒಬ್ಬರಿಗೆ ಕೆಲವನ್ನ ಮಾತ್ರ ಕಲಿಸಿದರು. ಅವರು ನೆನಪಿಟ್ಟು ಹೇಳಿದ್ದನ್ನ ಮುಂದಿನವರಿಗೆ, ಅವರದ್ದನ್ನ ಇನ್ನೊಬ್ಬರಿಗೆ, ಹೀಗೆ ಹತ್ತು ತಲೆಮಾರು. ಒಂದೇ ಹೆಸರು ಹಲವಕ್ಕೆ ಬರದ ಹಾಗೆ ತಡೆದಾಗ ಪದಗಳು ತಾವಾಗಿ ತುಂಡು ತುಂಡಾದವು, ಈ ತುಂಡು ಬಣ್ಣಕ್ಕೆ, ಈ ತುಂಡು ಚಲನೆಗೆ. ಯಾರೂ ಬೇಕಂತ ಮಾಡಿದ್ದಲ್ಲ. ಎಲ್ಲವನ್ನೂ ಇಡಿಯಾಗಿ ದಾಟಿಸೋ ಜೀವಿಗೆ ತುಂಡು ಮಾಡೋ ದರ್ದೇ ಇಲ್ಲ. ತುಂಡು ಮಾಡದಿದ್ದರೆ ಹೊಸದಾಗಿ ಜೋಡಿಸೋಕೂ ಬರಲ್ಲ. ಆಕಾಶನೌಕೆ ಡೌಟು.

ಅವಳಿಯಲ್ಲೊಬ್ಬ
ಸತ್ತ ಮೇಲೆ ಏನ್ ಮಾಡ್ತಾವೆ? ಲಿಪಿ ಇಲ್ಲ, ಪುಸ್ತಕ ಇಲ್ಲ. ದೂರದಲ್ಲಿರೋರಿಗೆ ಹೇಗೆ? ನಮ್ಮಪ್ಪ ಬರೆದ ಪತ್ರ ಈಗಲೂ ಓದ್ತೀವಿ.

ಅರ್ಧಕಥೆ
ನಾಲ್ಕು ದಿನ ಇಲ್ಲಿ ತಲೆ ಹಾಕಿರಲಿಲ್ಲ, ಬರೀತಿದ್ದೆ. ಮೂರು ಬದಲಾವಣೆ ಆಯ್ತು. ಜೀವಿಗಳನ್ನ ನೀರಿಗೆ ಇಳಿಸಿದೆ (ಬಲೆಗಾರರಿಗೆ ಶರಣು). ಟೆಲಿಪತಿಯ ದೂರ ಹತ್ತು ಮಾರು, ಅದೂ ಮಸುಕು ಮಸುಕು, ಸೇತುವೆ ಸಣ್ಣದಾಗಿ ಇರಲಿ ಅಂತ. ಮತ್ತೆ ಪ್ರತಿ ಆಲೋಚನೆಯ ಬಾಲದಲ್ಲೂ ಒಂದು ಮಿಡಿತ: ಕಂಡದ್ದು, ಬಂದದ್ದು, ಬಂದವರಿಗೆ ಬಂದದ್ದು.

ಸಾಯೋ ಹೊತ್ತಿನ ಮುದುಕಿಯೊಬ್ಬಳು ಪ್ರವಾಹದ ನೆನಪನ್ನ ಮೊಮ್ಮಗಳಿಗೆ ದಾಟಿಸ್ತಾಳೆ. ಬಾಲದ ಮಿಡಿತ ಬಿಡೋ ಶಕ್ತಿ ಇರಲ್ಲ. ಮೊಮ್ಮಗಳು ಉಳಿದ ಆಯುಷ್ಯವೆಲ್ಲ ಆ ಪ್ರವಾಹವನ್ನ ತಾನೇ ಕಂಡೆ ಅಂತ ಸಾಕ್ಷಿ ಹೇಳ್ತಾಳೆ, ಸುಳ್ಳೇ ಬರದ ಊರಲ್ಲಿ. ಕೊನೆಬೆಂಚು ಅವರೇ, ನಿಮ್ಮ ಸುಳ್ಳು ಅಲ್ಲಿ ಸಿಕ್ಕಿತು.

ಭಾಷ್ಯಕಾರ
ಮೊಮ್ಮಗಳ ಹೆಸರೇನು? ಬಾಯಿಲ್ಲದವರ ಹೆಸರು ಹೇಗಿರುತ್ತದೆ?

ಅರ್ಧಕಥೆ
ಅದನ್ನ ಆಮೇಲೆ ಕೇಳಿ ಸಾರ್. ಈಗ ಬೇರೆ ಫಜೀತಿ. ಹೊಸ ಕರಡನ್ನ ಅದೇ ಗೆಳತಿಗೆ ಕೊಟ್ಟೆ. ಪ್ರವಾಹದ ಪುಟದ ಅಂಚಿನಲ್ಲಿ ಪೆನ್ಸಿಲ್: "ಈ ಐಡಿಯಾ ನಾನೇ ನಿನಗೆ ಹೇಳಿದ್ದಲ್ವಾ, ಆವತ್ತು ಬಸ್ಸಲ್ಲಿ?" ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ. ಅವಳು ಹೇಳಿದ್ದಾ, ಇಲ್ಲಿ ಓದಿದ್ದಾ, ನನಗೇ ಹೊಳೆದದ್ದಾ.

ಕರಡುತಿದ್ದುವವಳು
ಬಾಲದ ಮಿಡಿತ ಬಿದ್ದುಹೋಗಿದೆ.

ಕೊನೆಬೆಂಚು
ಹೇಳಿದ್ದು ನಾನಂತೆ.